ಕರ್ನಿಹ್ಯಾನ್ ಬಗ್ಗೆ ಒಂದು ತಿದ್ದುಪಡಿ, ಜೊತೆಗೆ ಒಂದು ಕೋರಿಕೆ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುರವಣಿಯ ರಸಪ್ರಶ್ನೆಯಲ್ಲಿ ಒಂದು ಪ್ರಶ್ನೆ ಇತ್ತು. ಸಿ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದವರು ಯಾರು? ಕೆಳಗೆ ತಲೆಕೆಳಗಾಗಿ ಅಚ್ಚಾಗಿದ್ದ ಉತ್ತರ: ಕರ್ನಿಘನ್ ಮತ್ತು ರಿಚಿ. ನನ್ನ ಮೊಮ್ಮಗಳು ಪುರವಣಿಯನ್ನು ತಿರುಗಿಸಿ ಹಿಡಿದು ಆ ಉತ್ತರವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದಳು. ಅದನ್ನು ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ಉತ್ತರ ಅರ್ಧ ಮಾತ್ರ ಸರಿ. ಸಿ ಭಾಷೆಯನ್ನು ರೂಪಿಸಿದವರು ಡೆನ್ನಿಸ್ ರಿಚಿ ಒಬ್ಬರೇ. ಅವರ ಜೊತೆಗಾರ ಕೆನ್ ಥಾಂಪ್ಸನ್ ಬರೆದಿದ್ದ ಬಿ ಎಂಬ ಭಾಷೆಯನ್ನು ಹಿಡಿದು, ಅದನ್ನು ಬೆಳೆಸಿ, 1970ರ ದಶಕದ ಮೊದಲ ವರ್ಷಗಳಲ್ಲಿ ರಿಚಿ ಸಿ ಮಾಡಿದರು. ಬ್ರಯಾನ್ ಕರ್ನಿಹ್ಯಾನ್ ಆ ಭಾಷೆಯ ಬಗ್ಗೆ ಪುಸ್ತಕ ಬರೆದವರು. ಭಾಷೆಯ ವಿನ್ಯಾಸದಲ್ಲಿ ತಮ್ಮ ಪಾಲು ಏನೂ ಇಲ್ಲ, ಅದು ಪೂರ್ತಿ ರಿಚಿಯವರ ಕೆಲಸ ಎಂದು ಅವರೇ ಮತ್ತೆ ಮತ್ತೆ ಹೇಳಿದ್ದಾರೆ. ಜಗತ್ತೇ ತನಗೆ ಅರ್ಧ ಕೀರ್ತಿ ಕೊಡಲು ತಯಾರಿರುವಾಗ ಬೇಡ ಅನ್ನುವವರು ಎಷ್ಟು ಜನ ಸಿಗುತ್ತಾರೆ? ಅವರೇ ಬೇಡ ಎಂದ ಮೇಲೆ ನಾವಾದರೂ ಸರಿಯಾಗಿ ಬರೆಯಬೇಕು, ಅಲ್ವಾ?

ಇನ್ನೊಂದು ಸಣ್ಣ ಮಾತು. ಅವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಜಿ ಅಕ್ಷರ ಇದೆ, ಆದರೆ ಅದನ್ನು ಉಚ್ಚರಿಸುವುದಿಲ್ಲ. ನಾವು ಮೇಷ್ಟ್ರುಗಳು ವರ್ಷಗಟ್ಟಲೆ ಕರ್ನಿಘನ್ ಅಂತಲೇ ಪಾಠ ಮಾಡಿದೆವು. ಕರ್ನಿಹ್ಯಾನ್ ಅನ್ನುವುದು ಸರಿ. ಹೇಳಿದ ಹಾಗೆ ಬರೆಯುವ ಅನುಕೂಲ ಕನ್ನಡಕ್ಕಿದೆ. ಅದನ್ನು ಬಳಸಿಕೊಳ್ಳೋಣ.

ತಿದ್ದುಪಡಿ ಇಷ್ಟೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದೆ. ಆದರೆ ನನಗೆ ಹೇಳಬೇಕಾದದ್ದು ಬೇರೆ ಇದೆ. ಭಾಷೆ ಮಾಡಿದವರು ಅಲ್ಲ ಅಂದ ಕೂಡಲೇ ಓದುವವರು "ಓ, ಬರೀ ಪುಸ್ತಕ ಬರೆದವರಾ" ಎಂದು ಬದಿಗೆ ಸರಿಸಿಬಿಡುತ್ತಾರೆ. ಅಲ್ಲಿ ತಪ್ಪುತ್ತಿದ್ದೇವೆ. ಆ ಪುಸ್ತಕ ಬರೆದದ್ದೇ ದೊಡ್ಡ ಕೆಲಸ. ಭಾಷೆ ಪ್ರಯೋಗಾಲಯದಲ್ಲಿ ಹುಟ್ಟಿತು, ನಿಜ. ಅದು ಮಲೆನಾಡಿನ ಪಾಲಿಟೆಕ್ನಿಕ್‌ವರೆಗೆ ಬಂದದ್ದು ಆ ಪುಸ್ತಕದಿಂದ.

ಕರ್ನಿಹ್ಯಾನ್ ಹುಟ್ಟಿದ್ದು 1942ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಫಿಸಿಕ್ಸ್ ಓದಿದರು. ಆಮೇಲೆ ಅಮೆರಿಕದ ಪ್ರಿನ್ಸ್‌ಟನ್‌ಗೆ ಹೋಗಿ 1969ರಲ್ಲಿ ಪಿಎಚ್‌ಡಿ ಮುಗಿಸಿದರು. ಅದೇ ವರ್ಷ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್ ಸೇರಿ 2000ನೇ ಇಸವಿಯವರೆಗೆ ಅಲ್ಲೇ ಇದ್ದರು. ಟೆಲಿಫೋನ್ ಕಂಪನಿಯ ಸಂಶೋಧನಾಲಯ ಅದು. ಕಂಪ್ಯೂಟರಿನ ಎಲ್ಲ ಕೆಲಸ ನಡೆಸುವ ಯುನಿಕ್ಸ್ ಎಂಬ ಮೂಲ ವ್ಯವಸ್ಥೆಯನ್ನು ಥಾಂಪ್ಸನ್ ಮತ್ತು ರಿಚಿ ಕಟ್ಟುತ್ತಿದ್ದ ಕಾಲ. ಅವರ ಕೋಣೆಗಳ ಆಸುಪಾಸಿನಲ್ಲೇ ಕರ್ನಿಹ್ಯಾನ್ ಕೂತಿದ್ದರು. ಗಣಿತದಲ್ಲೂ ಅವರದು ದೊಡ್ಡ ಹೆಸರು. ಶೆನ್ ಲಿನ್ ಜೊತೆ ಸೇರಿ ಮಾಡಿದ ಎರಡು ವಿಧಾನಗಳು ಇವತ್ತಿಗೂ ಅವರಿಬ್ಬರ ಹೆಸರಿನಲ್ಲೇ ಪಠ್ಯದಲ್ಲಿವೆ. ಅದರಲ್ಲಿ ಒಂದು, ಹತ್ತಾರು ಊರು ಸುತ್ತುವ ವ್ಯಾಪಾರಿ ಯಾವ ಕ್ರಮದಲ್ಲಿ ಹೋದರೆ ದಾರಿ ಕಡಿಮೆ ಎನ್ನುವ ಲೆಕ್ಕಕ್ಕೆ. ಅದನ್ನು ಇಲ್ಲಿಗೇ ಬಿಡುತ್ತೇನೆ, ಅದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗಣಿತದವರು ಇದ್ದಾರೆ.

ನನಗೆ ಹತ್ತಿರವಾದದ್ದು ಅವರು ಬರೆದ ಪಾಠಗಳು. 1972ರಲ್ಲಿ ಬಿ ಭಾಷೆಗೆ ಒಂದು ಪುಟ್ಟ ಪರಿಚಯ ಬರೆದರು, ಬೆಲ್ ಲ್ಯಾಬ್ಸ್ ಒಳಗಿನವರಿಗಾಗಿ. ಅದರಲ್ಲಿ ಪರದೆಯ ಮೇಲೆ "ಹಲೋ, ವರ್ಲ್ಡ್" ಎಂದು ಬರೆಸುವ ಒಂದು ಪ್ರೋಗ್ರಾಂ ಇದೆ. ಈಗ ಪ್ರಪಂಚದ ಯಾವ ಮೂಲೆಯಲ್ಲಿ ಯಾವ ಭಾಷೆ ಕಲಿಯಲು ಕೂತರೂ ಮೊದಲು ಬರೆಸುವುದು ಅದನ್ನೇ. ಬಿ ಭಾಷೆಯಲ್ಲಿ ಒಂದು ಪೆಟ್ಟಿಗೆಯಲ್ಲಿ ನಾಲ್ಕೇ ಅಕ್ಷರ ಹಿಡಿಯುತ್ತಿತ್ತು. ಅದಕ್ಕೆ ಆ ಎರಡು ಪದಗಳನ್ನು ಮೂರು ತುಂಡು ಮಾಡಿದ್ದಾರೆ. ಹಲೋ ಪದದ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಒಂದು ತುಂಡು. ಉಳಿದ ಓ ಅಕ್ಷರ, ಅಲ್ಪವಿರಾಮ, ಖಾಲಿ ಜಾಗ, ಮುಂದಿನ ಪದದ ಡಬ್ಲ್ಯು ಸೇರಿ ಎರಡನೆಯದು. ಮಿಕ್ಕ ನಾಲ್ಕು ಅಕ್ಷರ ಮೂರನೆಯದು. ಮೊಟ್ಟೆಯೊಡೆದು ಬರುವ ಕೋಳಿಮರಿ ಹಾಗೆ ಹೇಳುವ ಒಂದು ವ್ಯಂಗ್ಯಚಿತ್ರ ನೋಡಿದ ನೆನಪು ಎಂದು ಅವರು ಒಂದು ಸಂದರ್ಶನದಲ್ಲಿ ಹೇಳಿದ್ದರು.

ಇದರಲ್ಲಿ ಏನಿದೆ ದೊಡ್ಡದು, ಎರಡು ಪದ ಬರೆಸಿದ್ದು ತಾನೇ ಎಂದು ಕೇಳಬಹುದು. ಪಾಠ ಮಾಡಿದವರಿಗೆ ಅದರ ಬೆಲೆ ಗೊತ್ತು. ಅದಕ್ಕೆ ಮುಂಚಿನ ಎಷ್ಟೋ ಪುಸ್ತಕಗಳು ಸಂಖ್ಯೆಗಳ ಬಗೆ, ಗುರುತುಗಳ ಪಟ್ಟಿ, ವ್ಯಾಕರಣ ನಿಯಮ, ಹೀಗೆ ಐವತ್ತು ಪುಟ ಓದಿಸಿದ ಮೇಲೆ ಮೊದಲ ಪ್ರೋಗ್ರಾಂ ತೋರಿಸುತ್ತಿದ್ದವು. ಕರ್ನಿಹ್ಯಾನ್ ಉಲ್ಟಾ ಮಾಡಿದರು. ಮೊದಲು ಒಂದು ಪೂರ್ತಿ ಪ್ರೋಗ್ರಾಂ ಬರಿ, ಟೈಪ್ ಮಾಡು, ಓಡಿಸು, ಪರದೆಯ ಮೇಲೆ ಏನೋ ಬರಲಿ, ಆಮೇಲೆ ಅದು ಹೇಗೆ ಬಂತು ನೋಡೋಣ. ಈಜು ಕಲಿಸುವವರು ಮಗುವನ್ನು ಮೊದಲು ಮೊಣಕಾಲುದ್ದ ನೀರಿಗಿಳಿಸುತ್ತಾರಲ್ಲ, ಹಾಗೆ.

ಸಿ ಭಾಷೆಗೂ 1974ರಲ್ಲಿ ಇಂಥದ್ದೇ ಪಾಠ ಬರೆದರು. ಆಮೇಲೆ ಇದನ್ನು ಪುಸ್ತಕ ಮಾಡೋಣ ಎಂದು ರಿಚಿಯವರನ್ನು ಬಲವಂತ ಮಾಡಿ ಒಪ್ಪಿಸಿದವರು ಅವರೇ. ಪಾಠದ ಭಾಗದ ಮೊದಲ ಕರಡು ಹೆಚ್ಚಾಗಿ ಕರ್ನಿಹ್ಯಾನ್ ಬರೆದದ್ದು. ಕೊನೆಯ ಅನುಬಂಧದಲ್ಲಿರುವ ಭಾಷೆಯ ಪೂರ್ತಿ ಕೈಪಿಡಿ ರಿಚಿಯವರದು. 1978ರಲ್ಲಿ ಹೊರಬಂತು. ಬರೀ 228 ಪುಟ. ಹೆಸರುಗಳ ಮೊದಲ ಅಕ್ಷರ ಸೇರಿಸಿ ಎಲ್ಲರೂ ಅದನ್ನು ಕೆ ಅಂಡ್ ಆರ್ ಎಂದು ಕರೆದರು. ರಸಪ್ರಶ್ನೆಯ ತಪ್ಪು ಹುಟ್ಟಿದ್ದು ಅಲ್ಲೇ ಇರಬೇಕು. ಪುಸ್ತಕದ ಮೇಲಿನ ಎರಡು ಹೆಸರು ಭಾಷೆಯ ಮೇಲೂ ಕೂತುಬಿಟ್ಟವು. 1988ರಲ್ಲಿ ಎರಡನೇ ಆವೃತ್ತಿ ಬಂದಾಗಲೂ ಅದು 272 ಪುಟಕ್ಕೆ ನಿಂತಿತು. ಭಾಷೆ ದೊಡ್ಡದಲ್ಲ, ದೊಡ್ಡ ಪುಸ್ತಕ ಅದಕ್ಕೆ ಒಪ್ಪುವುದಿಲ್ಲ ಎನ್ನುವುದು ಅವರ ನಿಲುವು. ನಮ್ಮಲ್ಲಿ ಪುಸ್ತಕದ ದಪ್ಪ ನೋಡಿ ಪಠ್ಯಕ್ಕೆ ಆರಿಸುವವರು ಈ ಮಾತನ್ನು ಯೋಚಿಸಬೇಕು.

ಆ ಪುಸ್ತಕದ ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದರ ಅಕ್ಷರ ಜೋಡಿಸಿದ್ದು ಪ್ರೆಸ್ಸಿನವರಲ್ಲ. ಲೇಖಕರೇ ಯುನಿಕ್ಸ್ ಓಡುತ್ತಿದ್ದ ಪಿಡಿಪಿ-11 ಕಂಪ್ಯೂಟರಿನಿಂದ ಫೋಟೊಟೈಪ್‌ಸೆಟ್ಟರ್ ಯಂತ್ರ ನಡೆಸಿ ಪುಟಗಳನ್ನು ತಯಾರಿಸಿದರು. ಅದರಿಂದ ಆದ ಲಾಭ ಏನೆಂದರೆ, ಪುಸ್ತಕದ ಉದಾಹರಣೆಗಳನ್ನೆಲ್ಲ ಪುಸ್ತಕದ ಪಠ್ಯದಿಂದಲೇ ನೇರವಾಗಿ ತೆಗೆದು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದ್ದರು. ಅಂದರೆ ನಡುವೆ ಯಾರೂ ಮತ್ತೆ ಟೈಪ್ ಮಾಡಿಲ್ಲ. ಲೇಖಕರು ಓಡಿಸಿದ್ದೂ ಓದುಗರು ನೋಡಿದ್ದೂ ಒಂದೇ. ಮುನ್ನುಡಿಯಲ್ಲಿ ಈ ಮಾತು ಒಂದೇ ವಾಕ್ಯದಲ್ಲಿ ಬಂದು ಹೋಗುತ್ತದೆ.

ಆ ಒಂದು ವಾಕ್ಯದ ಬೆಲೆ ನನಗೆ ತಿಳಿದದ್ದು ಬೇರೆ ಕಡೆ. ನಾನು ಮಲೆನಾಡಿನ ಒಂದು ಪಾಲಿಟೆಕ್ನಿಕ್‌ನಲ್ಲಿ 1991ರಿಂದ ಪಾಠ ಮಾಡಿದೆ. ಲ್ಯಾಬಿನಲ್ಲಿ ಆರು ಕಂಪ್ಯೂಟರ್, ಮೂವತ್ತು ಮಕ್ಕಳು. ಒಂದು ಬ್ಯಾಚಿಗೆ ವಾರಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು, ಅದೂ ಕರೆಂಟ್ ಇದ್ದರೆ. ಮಕ್ಕಳೆಲ್ಲ ಪರೀಕ್ಷೆಗೆ ಕೊಳ್ಳುತ್ತಿದ್ದ ಒಂದು ಗೈಡ್ ಇತ್ತು, ಅದರ ಹೆಸರು ಬೇಡ. ಒಂದು ಮಧ್ಯಾಹ್ನ ಎರಡನೇ ವರ್ಷದ ಹುಡುಗನೊಬ್ಬ ಆ ಗೈಡಿನ ಪ್ರೋಗ್ರಾಂ ನೋಡಿಕೊಂಡು ಅಕ್ಷರ ಅಕ್ಷರ ಹಾಗೇ ಟೈಪ್ ಮಾಡಿದ. ಓಡಲಿಲ್ಲ. ಅಳಿಸಿದ, ಮತ್ತೆ ಮಾಡಿದ. ಎರಡು ಗಂಟೆಯೂ ಅದರಲ್ಲೇ ಹೋಯಿತು. ಕೊನೆಗೆ ನಾನು ಹೋಗಿ ನೋಡಿದರೆ ಗೈಡಿನಲ್ಲೇ ಒಂದು ಆವರಣ ಚಿಹ್ನೆ ಬಿಟ್ಟುಹೋಗಿತ್ತು, ಇನ್ನೊಂದು ಕಡೆ ಸೊನ್ನೆ ಇರಬೇಕಾದಲ್ಲಿ ಓ ಅಕ್ಷರ ಬಿದ್ದಿತ್ತು. ಬರೆದವರು ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಹುಡುಗ ನನಗೆ ಹೇಳಿದ್ದು, "ಸರ್, ನನ್ನ ತಲೆಗೆ ಇದು ಹತ್ತಲ್ಲ ಅನ್ಸುತ್ತೆ." ಅಚ್ಚಾದ ಪುಸ್ತಕ ತಪ್ಪಿರಬಹುದು ಎಂದು ಆ ಹುಡುಗನಿಗೆ ಹೊಳೆಯಲೇ ಇಲ್ಲ. ಹೇಗೆ ಹೊಳೆಯಬೇಕು? ಅಚ್ಚಾದ ಅಕ್ಷರಕ್ಕೆ ನಮ್ಮ ಹಳ್ಳಿ ಮಕ್ಕಳು ಅಷ್ಟು ಮರ್ಯಾದೆ ಕೊಡುತ್ತಾರೆ. ಓಡಿಸಿ ನೋಡದೆ ಅಚ್ಚು ಹಾಕುವವರು ಆ ಮರ್ಯಾದೆಗೆ ಮೋಸ ಮಾಡುತ್ತಾರೆ. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ.

ಅವತ್ತು ಲೈಬ್ರರಿಯಿಂದ ಕೆ ಅಂಡ್ ಆರ್ ತಂದು ಅವನ ಕೈಗಿಟ್ಟೆ. ಪ್ರೆಂಟಿಸ್ ಹಾಲ್ ಆಫ್ ಇಂಡಿಯಾದವರು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿದ್ದ ಆವೃತ್ತಿ. ಲೈಬ್ರರಿಯಲ್ಲಿದ್ದದ್ದು ಒಂದೇ ಪ್ರತಿ. ಅವನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಪುಸ್ತಕ ಓದಲಿಕ್ಕೆ ಆಗಲ್ಲ ಸರ್ ಎಂದ. ಒಂದು ಪುಟ ಓದು, ಆಮೇಲೆ ಹೇಳು ಎಂದೆ. ಮರುದಿನ ಬಂದು, ಗೈಡಿನ ಇಂಗ್ಲಿಷ್‌ಗಿಂತ ಇದು ಸುಲಭ ಇದೆ ಎಂದ. ಸುಲಭವೇ. ವಾಕ್ಯಗಳು ಚಿಕ್ಕವು. ಬೇಡದ ಪದ ಒಂದೂ ಇಲ್ಲ. ಮೊದಲ ಅಧ್ಯಾಯದಲ್ಲಿ ಹಲೋ ಹೇಳಿದ ಮೇಲೆ ಫ್ಯಾರನ್‌ಹೀಟ್‌ನಿಂದ ಸೆಲ್ಸಿಯಸ್‌ಗೆ ಬದಲಾಯಿಸುವ ಪಟ್ಟಿ, ಸೊನ್ನೆಯಿಂದ 300ರವರೆಗೆ, 20ರ ಹೆಜ್ಜೆಯಲ್ಲಿ. ಅದಾದ ಮೇಲೆ ಅಕ್ಷರ ಎಣಿಸುವುದು, ಸಾಲು ಎಣಿಸುವುದು, ಪದ ಎಣಿಸುವುದು. ಒಂದರ ಹೆಗಲ ಮೇಲೆ ಇನ್ನೊಂದು ಕೂತಿದೆ. ಹಳೆಯದನ್ನು ಸ್ವಲ್ಪ ಬದಲಾಯಿಸಿದರೆ ಹೊಸದು ಬರುತ್ತದೆ.

ಆ ಪುಸ್ತಕ ಎಲ್ಲರಿಗೂ ಸುಲಭ ಎಂದು ಹೇಳುತ್ತಿಲ್ಲ. ಪ್ರೋಗ್ರಾಂ ಬರೆದು ಸ್ವಲ್ಪ ಅಭ್ಯಾಸ ಇರುವವರಿಗೆ ಅದು ಬರೆದದ್ದು, ಹಾಗೆಂದು ಲೇಖಕರೇ ಮೊದಲು ಹೇಳಿದ್ದಾರೆ. ಐದನೇ ಅಧ್ಯಾಯದ ಪಾಯಿಂಟರ್ ಹತ್ತಿರ ನನ್ನ ಮಕ್ಕಳೆಲ್ಲ ನಿಂತುಬಿಡುತ್ತಿದ್ದರು. ಪಾಯಿಂಟರ್ ಅಂದರೆ ಒಂದು ಮಾಹಿತಿ ಕಂಪ್ಯೂಟರಿನ ನೆನಪಿನಲ್ಲಿ ಎಲ್ಲಿದೆ ಎಂದು ಹೇಳುವ ವಿಳಾಸ. ಅಲ್ಲಿ ನಾನು ಪುಸ್ತಕ ಮುಚ್ಚಿ ಪಹಣಿಯ ಮಾತು ತೆಗೆಯುತ್ತಿದ್ದೆ. ಸರ್ವೆ ನಂಬರ್ ಬೇರೆ, ಜಮೀನು ಬೇರೆ. ನಂಬರ್ ಹಿಡಿದು ಹೋದರೆ ಜಮೀನು ಸಿಗುತ್ತದೆ. ಇಬ್ಬರು ತಮ್ಮ ತಮ್ಮ ಚೀಟಿಯಲ್ಲಿ ಒಂದೇ ಸರ್ವೆ ನಂಬರ್ ಬರೆದುಕೊಂಡರೆ ಜಮೀನು ಎರಡಾಗುವುದಿಲ್ಲ, ಒಬ್ಬ ಅಲ್ಲಿ ಶುಂಠಿ ಹಾಕಿದರೆ ಇನ್ನೊಬ್ಬ ಹೋಗಿ ನೋಡಿದಾಗಲೂ ಶುಂಠಿಯೇ ಇರುತ್ತದೆ. ರೈತರ ಮಕ್ಕಳಿಗೆ ಅದು ಒಂದೇ ಏಟಿಗೆ ಅರ್ಥವಾಗುತ್ತಿತ್ತು. ಈ ಮಾತಿಗೆ ಮತ್ತೆ ಬರುತ್ತೇನೆ.

ಕರ್ನಿಹ್ಯಾನ್ ಅವರ ಮೊದಲ ಪುಸ್ತಕ ಸಿ ಬಗ್ಗೆ ಅಲ್ಲ. 1974ರಲ್ಲಿ ಪ್ಲಾಗರ್ ಎಂಬ ಗೆಳೆಯರ ಜೊತೆ ಸೇರಿ ಪ್ರೋಗ್ರಾಂ ಬರೆಯುವ ಶೈಲಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರಲ್ಲಿ ಅವರು ಮಾಡಿದ್ದು ಧೈರ್ಯದ ಕೆಲಸ. ಆಗ ಮಾರುಕಟ್ಟೆಯಲ್ಲಿದ್ದ ಪಠ್ಯಪುಸ್ತಕಗಳಿಂದಲೇ ಪ್ರೋಗ್ರಾಂಗಳನ್ನು ಆರಿಸಿಕೊಂಡು ಒಂದೊಂದಾಗಿ ಬಿಚ್ಚಿ, ಇಲ್ಲಿ ತಪ್ಪಿದೆ, ಇಲ್ಲಿ ಸುತ್ತಿಬಳಸಿದೆ, ಹೀಗೆ ಬರೆದರೆ ತಿಳಿಯುತ್ತದೆ ಎಂದು ತಿದ್ದಿ ತೋರಿಸಿದರು. ಕಲಿಸಲು ಬರೆದ ಪುಸ್ತಕದಲ್ಲೇ ತಪ್ಪಿದ್ದರೆ ಕಲಿಯುವವರ ಗತಿ ಏನು ಎನ್ನುವ ಕಾಳಜಿ ಅದು. ಅದರಲ್ಲಿನ ಒಂದು ಮಾತನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತಿದ್ದೆ. ಪ್ರೋಗ್ರಾಂ ಬರೆಯುವುದಕ್ಕಿಂತ ಅದರ ತಪ್ಪು ಹುಡುಕುವುದು ಎರಡು ಪಟ್ಟು ಕಷ್ಟ, ಹಾಗಾಗಿ ನಿಮ್ಮ ಜಾಣತನವನ್ನೆಲ್ಲ ಬರೆಯುವುದರಲ್ಲೇ ಸುರಿದುಬಿಟ್ಟರೆ ಆಮೇಲೆ ತಪ್ಪು ಹುಡುಕುವುದು ಯಾವ ಜಾಣತನದಿಂದ?

1982ರಲ್ಲಿ ಬೆಲ್ ಲ್ಯಾಬ್ಸ್‌ನವರು ಯುನಿಕ್ಸ್ ಬಗ್ಗೆ ಒಂದು ಚಿತ್ರ ತೆಗೆದರು. ಈಗ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಗಡ್ಡ ಬಿಟ್ಟ ಕರ್ನಿಹ್ಯಾನ್ ಕಾಲು ಮೇಲಿಟ್ಟುಕೊಂಡು ಆರಾಮಾಗಿ ಕುರ್ಚಿಗೆ ಒರಗಿ, ಕಾಗುಣಿತದ ತಪ್ಪು ಹುಡುಕುವ ಪ್ರೋಗ್ರಾಂ ಒಂದನ್ನು ಹೊಸದಾಗಿ ಬರೆಯದೆ, ಇರುವ ಸಣ್ಣ ಸಣ್ಣ ಪ್ರೋಗ್ರಾಂಗಳನ್ನು ಒಂದಕ್ಕೊಂದು ಜೋಡಿಸಿಯೇ ಮಾಡಿ ತೋರಿಸುತ್ತಾರೆ. ಒಂದು ಪ್ರೋಗ್ರಾಂ ವಾಕ್ಯವನ್ನು ಪದಗಳಾಗಿ ಒಡೆಯುತ್ತದೆ, ಮುಂದಿನದು ಎಲ್ಲವನ್ನೂ ಸಣ್ಣಕ್ಷರ ಮಾಡುತ್ತದೆ, ಅದರ ಮುಂದಿನದು ವರ್ಣಮಾಲೆಯ ಕ್ರಮಕ್ಕೆ ಜೋಡಿಸುತ್ತದೆ, ಇನ್ನೊಂದು ಒಂದೇ ಪದ ಎರಡು ಸಲ ಇದ್ದರೆ ಒಂದನ್ನು ತೆಗೆಯುತ್ತದೆ, ಕೊನೆಯದು ನಿಘಂಟಿನಲ್ಲಿ ಇಲ್ಲದ್ದನ್ನು ಹೆಕ್ಕಿ ಕೊಡುತ್ತದೆ. ಡಗ್ ಮೆಕಿಲ್‌ರಾಯ್ ಎಂಬವರ ಯೋಚನೆ ಇದು, ಯುನಿಕ್ಸ್‌ನಲ್ಲಿ ಇದಕ್ಕೆ ಪೈಪ್ ಎನ್ನುತ್ತಾರೆ. ಮಲೆನಾಡಿನವರಿಗೆ ಇದು ಹೊಸದಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳಕ್ಕೆ ಬನ್ನಿ. ಒಬ್ಬರು ಸುಲಿಯುತ್ತಾರೆ, ಒಬ್ಬರು ಬೇಯಿಸುತ್ತಾರೆ, ಒಬ್ಬರು ಚಪ್ಪರದ ಮೇಲೆ ಹರವುತ್ತಾರೆ, ಕೊನೆಗೆ ಒಬ್ಬರು ಕೂತು ಬಗೆ ಬಗೆ ಬೇರೆ ಮಾಡುತ್ತಾರೆ. ಸುಲಿಯುವವರಿಗೆ ಬೇಯಿಸುವ ಹದ ಗೊತ್ತಿರಬೇಕಿಲ್ಲ, ತಮ್ಮ ಕೈಯ ಕೆಲಸ ಚೊಕ್ಕ ಮಾಡಿ ಮುಂದಿನವರ ಬುಟ್ಟಿಗೆ ಹಾಕಿದರೆ ಆಯಿತು.

1977ರ ಸುಮಾರಿಗೆ ಏಹೊ, ವೈನ್‌ಬರ್ಗರ್, ಕರ್ನಿಹ್ಯಾನ್ ಮೂವರೂ ಸೇರಿ ಆಕ್ ಎಂಬ ಪುಟ್ಟ ಭಾಷೆ ಮಾಡಿದರು. ಮೂವರ ಹೆಸರಿನ ಮೊದಲ ಅಕ್ಷರಗಳೇ ಅದರ ಹೆಸರು. ಇದರಲ್ಲಿ ಅವರ ಪಾಲು ನಿಜವಾಗಿ ಇದೆ, ರಸಪ್ರಶ್ನೆಯಲ್ಲಿ ಕೇಳುವುದಾದರೆ ಇದನ್ನು ಕೇಳಬಹುದು. ಇಂಥದ್ದು ಕಂಡರೆ ಹೀಗೆ ಮಾಡು, ಅಷ್ಟೇ ಅದರ ಹೂರಣ. ನಾನು ಪರೀಕ್ಷೆಯ ಅಂಕಪಟ್ಟಿಗೆ ಅದನ್ನು ಬಳಸುತ್ತಿದ್ದೆ. ಪ್ರತಿ ಸಾಲಿನಲ್ಲಿ ನಂಬರ್, ಹೆಸರು, ಅಂಕ. ಮೂರನೆಯದು 35ಕ್ಕಿಂತ ಕಡಿಮೆ ಇದ್ದರೆ ಎರಡನೆಯದನ್ನು ಬರೆ. ಇಷ್ಟನ್ನು ಹೇಳಲು ಆಕ್‌ನಲ್ಲಿ ಒಂದು ಸಾಲು ಸಾಕು, ಮತ್ತೊಂದು ತಂಡದ ಪಟ್ಟಿಗೂ ಅದೇ ಸಾಲು ಓಡುತ್ತದೆ. ಅದಕ್ಕೆ ಮುಂಚೆ ಅದೇ ಕೆಲಸವನ್ನು ಕೈಯಲ್ಲಿ ಮಾಡಿ ಮಾಡಿ ಅರ್ಧ ದಿನ ಕಳೆಯುತ್ತಿದ್ದೆವು.

ಈಗ ನಮ್ಮ ಕನ್ನಡಕ್ಕೆ ನೇರ ಸಂಬಂಧಪಟ್ಟ ಮಾತು. ಆಕ್ ಹುಟ್ಟಿದ ಕಾಲದಲ್ಲಿ ಕಂಪ್ಯೂಟರಿಗೆ ಒಂದು ಅಕ್ಷರ ಅಂದರೆ ಒಂದು ಬೈಟ್, ಅಂದರೆ ಅದರ ನೆನಪಿನ ಒಂದು ಪುಟ್ಟ ಮನೆ. ಇಂಗ್ಲಿಷಿಗೆ ಅದು ಸಾಕು. ಆಮೇಲೆ ಪ್ರಪಂಚದ ಲಿಪಿಗಳ ಒಂದೊಂದು ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಬಂತು, ಕನ್ನಡಕ್ಕೂ ಅದರಲ್ಲಿ ಜಾಗ ಸಿಕ್ಕಿತು. 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ತಟ್ಟೆಯ ಕೆಳಗಿನ ಕಾಗದದ ಮೇಲೆ ಯುಟಿಎಫ್-8 ಎಂಬ ಬರೆಯುವ ಕ್ರಮ ರೂಪಿಸಿದರು. ಇವತ್ತು ಮೊಬೈಲಿನಲ್ಲಿ ಕನ್ನಡ ಸಂದೇಶ ಹೋಗಿ ಬರುವುದು ಹೆಚ್ಚಾಗಿ ಆ ಕ್ರಮದಲ್ಲೇ. ಅದರಲ್ಲಿ ಕನ್ನಡದ ಪ್ರತಿ ಗುರುತಿಗೂ ಮೂರು ಬೈಟ್ ಬೇಕು. "ಕನ್ನಡ" ಎಂಬ ಪದ ತೆಗೆದುಕೊಳ್ಳಿ. ಕ, ನ, ಹಲಂತದ ಗುರುತು, ಮತ್ತೆ ನ, ಆಮೇಲೆ ಡ. ಐದು ಗುರುತು, ಹದಿನೈದು ಬೈಟ್. ಕರ್ನಿಹ್ಯಾನ್ ನೋಡಿಕೊಂಡು ಬಂದ ಮೂಲ ಆಕ್‌ಗೆ ಈ ಪದದ ಉದ್ದ ಎಷ್ಟು ಎಂದು ಕೇಳಿದರೆ 15 ಎನ್ನುತ್ತಿತ್ತು. ಬೇರೆಯವರು ಮಾಡಿದ ಆಕ್‌ಗಳಲ್ಲಿ ಇದು ಮುಂಚೆಯೇ ಸರಿಯಾಗಿತ್ತು, ಮೂಲದಲ್ಲಿ ಮಾತ್ರ ಹಾಗೇ ಉಳಿದಿತ್ತು.

2022ರಲ್ಲಿ ಅದನ್ನು ಕೂತು ಸರಿಮಾಡಿದವರು ಯಾರು ಗೊತ್ತೇ? ಕರ್ನಿಹ್ಯಾನ್ ಅವರೇ. ಆಗ ಅವರಿಗೆ 80 ವರ್ಷ. ಶಿಷ್ಯರಿಗೆ ಹೇಳಿ ಮಾಡಿಸಬಹುದಿತ್ತು. ತಾವೇ ಬರೆದರು, ಪರೀಕ್ಷಿಸಿದರು, ಬದಲಾವಣೆಯನ್ನು ಕಳಿಸಿಕೊಟ್ಟರು. ಕಳಿಸುವಾಗ, ಪ್ರೋಗ್ರಾಂನ ಬದಲಾವಣೆಗಳ ಲೆಕ್ಕ ಇಡಲು ಈಗಿನವರು ಬಳಸುವ ಗಿಟ್ ಎಂಬ ಸಾಧನ ತನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ, ಹಾಗಾಗಿ ಸ್ವಲ್ಪ ಸಮಯ ಬೇಕು ಎಂದು ಮುಚ್ಚುಮರೆ ಇಲ್ಲದೆ ಬರೆದರು. ನಾನು ಮನೆಯಲ್ಲಿ ಹೊಸದನ್ನು ಹಾಕಿಕೊಂಡು ಅದೇ ಪದ ಕೊಟ್ಟು ನೋಡಿದೆ. 5 ಎಂದಿತು. ನಮ್ಮ ಲೆಕ್ಕದಲ್ಲಿ ಅಕ್ಷರ ಮೂರೇ, ಕ, ನ್ನ, ಡ. ಒತ್ತಕ್ಷರವನ್ನು ಒಂದಾಗಿ ಎಣಿಸುವ ಕೆಲಸ ಇನ್ನೂ ಬಾಕಿ ಇದೆ, ಅದನ್ನು ಕನ್ನಡ ಬಲ್ಲವರೇ ಮಾಡಬೇಕು. ಆದರೂ ಪರದೆಯ ಮೇಲೆ ಆ 5 ನೋಡಿದಾಗ ನನಗೆ ಮನಸ್ಸು ತುಂಬಿ ಬಂತು. ನಮ್ಮ ಲಿಪಿ ಓದಲು ಬಾರದ ಹಿರಿಯರೊಬ್ಬರು, ತಾವು 35ನೇ ವಯಸ್ಸಿನಲ್ಲಿ ಮಾಡಿದ್ದನ್ನು 80ರಲ್ಲಿ ಮತ್ತೆ ಬಿಚ್ಚಿ, ಪ್ರಪಂಚದ ಎಲ್ಲ ಲಿಪಿಗಳಿಗೂ ಜಾಗ ಮಾಡಿಕೊಟ್ಟಿದ್ದರು. ಮರುವರ್ಷ ಆಕ್ ಪುಸ್ತಕದ ಎರಡನೇ ಆವೃತ್ತಿಯೂ ಬಂತು. ಮೊದಲನೆಯದು 1988ರದು.

ಪ್ರಿನ್ಸ್‌ಟನ್‌ಗೆ ಪ್ರಾಧ್ಯಾಪಕರಾಗಿ ಹೋದ ಮೇಲೂ ಅವರು ಕಂಪ್ಯೂಟರ್ ವಿದ್ಯಾರ್ಥಿಗಳಿಗಷ್ಟೇ ಪಾಠ ಮಾಡಲಿಲ್ಲ. ಇತಿಹಾಸ, ಸಾಹಿತ್ಯ, ರಾಜಕೀಯ ಓದುವ ಮಕ್ಕಳಿಗೆ ಕಂಪ್ಯೂಟರ್ ಒಳಗೆ ಏನು ನಡೆಯುತ್ತದೆ, ಇಂಟರ್ನೆಟ್ ಹೇಗೆ ಓಡುತ್ತದೆ, ನಮ್ಮ ಖಾಸಗಿ ಮಾಹಿತಿ ಎಲ್ಲಿ ಸೋರುತ್ತದೆ ಎಂದು ಹೇಳುವ ತರಗತಿಯನ್ನು ವರ್ಷಗಟ್ಟಲೆ ನಡೆಸಿದರು. ಆ ಪಾಠಗಳನ್ನೂ ಪುಸ್ತಕ ಮಾಡಿದರು. 2015ರಲ್ಲಿ, 73ನೇ ವಯಸ್ಸಿನಲ್ಲಿ, ಗೋ ಎಂಬ ಹೊಸ ಭಾಷೆಯ ಬಗ್ಗೆ ಅಲನ್ ಡೊನೊವನ್ ಜೊತೆ ಪುಸ್ತಕ ಬರೆದರು. ಅಲ್ಲೂ ಅಷ್ಟೇ, ಭಾಷೆ ಬೇರೆಯವರದು, ತಿಳಿಸಿಕೊಡುವ ಕೆಲಸ ಇವರದು. ರಿಚಿ 2011ರ ಅಕ್ಟೋಬರಿನಲ್ಲಿ ತೀರಿಕೊಂಡರು, ಸ್ಟೀವ್ ಜಾಬ್ಸ್ ತೀರಿಕೊಂಡ ಕೆಲವೇ ದಿನದಲ್ಲಿ. ಜಾಬ್ಸ್ ಸುದ್ದಿ ಮುಖಪುಟ ತುಂಬಿತ್ತು. ರಿಚಿ ಸುದ್ದಿಯನ್ನು ನಾನು ಹುಡುಕಿ ಓದಬೇಕಾಯಿತು. ಕಂಪನಿ ಕಟ್ಟಿದವರ ಬಗ್ಗೆ ಬರೆಯಬೇಡಿ ಎನ್ನುತ್ತಿಲ್ಲ. ಆ ಕಂಪನಿಯ ಎಂಜಿನಿಯರುಗಳು ಯಾವ ಪುಸ್ತಕ ಓದಿ ಕಲಿತರು ಎಂಬುದನ್ನೂ ಬರೆಯಿರಿ.

ಈಗ ಕೋರಿಕೆಗೆ ಬರುತ್ತೇನೆ. ಕನ್ನಡದಲ್ಲಿ ವಿಜ್ಞಾನ ಬರೆಯಲಾಗದು ಎನ್ನುವವರಿಗೆ ಬಿ.ಜಿ.ಎಲ್. ಸ್ವಾಮಿ ಆವತ್ತೇ ಉತ್ತರ ಕೊಟ್ಟಿದ್ದಾರೆ. ಗಿಡಮರಗಳ ಬಗ್ಗೆ ಬರೆದ ಅವರ ಹಸುರು ಹೊನ್ನು ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1978ರಲ್ಲಿ. ಕೆ ಅಂಡ್ ಆರ್ ಹೊರಬಂದ ವರ್ಷವೇ! ಕಂಪ್ಯೂಟರಿನಲ್ಲಿ ಕನ್ನಡ ಕೂರಿಸಲು ಕೆ.ಪಿ. ರಾವ್ ಅಂಥವರು ದುಡಿದಿದ್ದಾರೆ. ಇವತ್ತು ನಾವು ಉಚ್ಚಾರಕ್ಕೆ ತಕ್ಕ ಹಾಗೆ ಕೀಲಿ ಒತ್ತಿ ಕನ್ನಡ ಬರೆಯುತ್ತಿರುವುದರ ಹಿಂದೆ ಅವರ ಕೀಲಿಮಣೆ ವಿನ್ಯಾಸ ಇದೆ. ಅಂದರೆ ಕನ್ನಡದಲ್ಲಿ ಬರೆಯುವ ಶಕ್ತಿ ಇದೆ, ಬರೆಯುವ ಸಾಧನ ಇದೆ. ಆದರೆ ಪಿಯುಸಿ ಅಥವಾ ಡಿಪ್ಲೊಮಾಕ್ಕೆ ಕಾಲಿಡುವ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಕೈಗೆತ್ತಿಕೊಂಡು, ಪ್ರತಿ ಪ್ರೋಗ್ರಾಮನ್ನೂ ಟೈಪ್ ಮಾಡಿ ಓಡಿಸಿ, ಓದಿ ಮುಗಿಸಬಹುದಾದ ಒಂದು ತೆಳ್ಳನೆಯ ಪುಸ್ತಕ ಕೊಡಿ ಎಂದರೆ ನನ್ನ ಕೈಗೆ ಸಿಗುವುದು ಗೈಡುಗಳು. ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡಿಸುವ ಗೈಡುಗಳು.

ಕೆ ಅಂಡ್ ಆರ್ ಅನ್ನು ಅನುವಾದ ಮಾಡಿದರೆ ಸಾಕಾಗುವುದಿಲ್ಲ. ಫ್ಯಾರನ್‌ಹೀಟ್ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಮಾತ್ರ ಗೊತ್ತು. ಅದರ ಬದಲು ಮಳೆ ತೆಗೆದುಕೊಳ್ಳಿ. ನಿಮ್ಮ ಪತ್ರಿಕೆ ಆಗುಂಬೆಯ ಮಳೆಯನ್ನು ಮಿಲಿಮೀಟರಿನಲ್ಲಿ ಅಚ್ಚು ಹಾಕುತ್ತದೆ, ನಮ್ಮ ಊರಿನ ಹಿರಿಯರು ಇವತ್ತಿಗೂ ಇಂಚಿನಲ್ಲಿ ಕೇಳುತ್ತಾರೆ. ಒಂದು ಇಂಚಿಗೆ 25.4 ಮಿಲಿಮೀಟರ್. ಮೊಮ್ಮಗಳು ಬರೆದ ಪ್ರೋಗ್ರಾಂನಿಂದ ಅಜ್ಜನಿಗೆ ಇವತ್ತಿನ ಮಳೆ ಎಷ್ಟು ಇಂಚು ಎಂದು ಗೊತ್ತಾದರೆ ಆ ಮಗು ಪ್ರೋಗ್ರಾಂ ಬರೆಯುವುದನ್ನು ಬಿಡುತ್ತದೆಯೇ? ಪಾಯಿಂಟರಿಗೆ ಪಹಣಿ ಇದೆ, ಪೈಪಿಗೆ ಅಡಿಕೆ ಅಂಗಳ ಇದೆ. ಬಯಲುಸೀಮೆಯವರು, ಕರಾವಳಿಯವರು ತಮ್ಮ ತಮ್ಮದನ್ನು ತರಲಿ. ಪದಗಳ ಬಗ್ಗೆ ಜಗಳ ಬೇಡ. ವೇರಿಯಬಲ್ ಅನ್ನು ವೇರಿಯಬಲ್ ಅಂತಲೇ, ಲೂಪ್ ಅನ್ನು ಲೂಪ್ ಅಂತಲೇ ಬರೆಯೋಣ. ಬಸ್ಸು, ಸೈಕಲ್ಲು ಎಂದು ಬರೆಯುತ್ತಿಲ್ಲವೇ? ಸುಮ್ನೆ ಹೊಸ ಸಂಸ್ಕೃತ ಪದ ಹುಟ್ಟಿಸಿದರೆ ಮಗು ಇಂಗ್ಲಿಷಿನ ಜೊತೆ ಅದನ್ನೂ ಕಲಿಯಬೇಕು.

ನಿಮ್ಮಲ್ಲಿ ಕೇಳುವುದು ಇಷ್ಟು. ವಿದ್ಯಾರ್ಥಿ ಪುರವಣಿಯಲ್ಲಿ ವಾರಕ್ಕೆ ಕಾಲು ಪುಟ ಕೊಡಿ. ಒಂದು ವಾರ ಒಂದೇ ಪ್ರೋಗ್ರಾಂ, ಅದು ಹೇಗೆ ನಡೆಯುತ್ತದೆ ಎಂದು ಹತ್ತು ಹದಿನೈದು ವಾಕ್ಯ, ಕೊನೆಗೆ ಮಕ್ಕಳೇ ಬದಲಾಯಿಸಿ ನೋಡಲು ಒಂದು ಪ್ರಶ್ನೆ. ಬರೆಯಲು ಬೆಂಗಳೂರಿನ ಕಂಪನಿಗಳಲ್ಲಿ ಕನ್ನಡ ಬಲ್ಲ ಎಂಜಿನಿಯರುಗಳು ಬೇಕಾದಷ್ಟಿದ್ದಾರೆ, ಹೊರದೇಶದಲ್ಲೂ ಇದ್ದಾರೆ. ದಿನವೂ ಪ್ರೋಗ್ರಾಂ ಬರೆಯುವವರೇ ಬರೆಯಲಿ. ಕರ್ನಿಹ್ಯಾನ್ ಪುಸ್ತಕಗಳು ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣ, ಅವರು ಬಳಸಿದ್ದನ್ನೇ ಬರೆದರು. ಪ್ರೋಗ್ರಾಂ ಮಾತ್ರ ಪುಟ ಜೋಡಿಸುವವರು ಮತ್ತೆ ಟೈಪ್ ಮಾಡಬಾರದು, ಲೇಖಕರು ಕಳಿಸಿದ್ದನ್ನೇ ಹಾಗೇ ಇಳಿಸಿಕೊಳ್ಳಬೇಕು. ಅಚ್ಚಿಗೆ ಹೋಗುವ ಮುಂಚೆ ಪುಟವನ್ನು ನನಗೆ ಕಳಿಸಿದರೆ ಅಲ್ಲಿರುವುದನ್ನೇ ತೆಗೆದು ಓಡಿಸಿ ನೋಡಿ ಅದೇ ದಿನ ಉತ್ತರ ಕೊಡುತ್ತೇನೆ. ಇದಕ್ಕೆ ದುಡ್ಡು ಬೇಡ.

ಮೊದಲ ವಾರಕ್ಕೆ ಮಳೆಯ ಪಟ್ಟಿಯ ಪ್ರೋಗ್ರಾಂ ಬರೆದಿಟ್ಟಿದ್ದೇನೆ. 25 ಮಿಲಿಮೀಟರಿನಿಂದ ಶುರುವಾಗಿ 300ರವರೆಗೆ, 25ರ ಹೆಜ್ಜೆಯಲ್ಲಿ, ಪಕ್ಕದಲ್ಲಿ ಇಂಚು. ಓಡಿಸಿದರೆ ಹನ್ನೆರಡು ಸಾಲು ಬರುತ್ತದೆ. ನಿನ್ನೆ ರಾತ್ರಿ ಮೊಮ್ಮಗಳು ಟೈಪ್ ಮಾಡಿ ಓಡಿಸಿದಳು. ರಸಪ್ರಶ್ನೆಯ ಉತ್ತರವನ್ನೂ ತನ್ನ ನೋಟ್‌ಬುಕ್ಕಿನಲ್ಲಿ ತಿದ್ದಿಕೊಂಡಿದ್ದಾಳೆ. ಪುರವಣಿಯಲ್ಲೂ ಮುಂದಿನ ವಾರ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ.

ಇತಿ ನಿಮ್ಮ ಓದುಗ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಶಿವಮೊಗ್ಗ ಜಿಲ್ಲೆ